ಕೌದಿಯ ಹೊಟ್ಟೆಗೊಂದು ತುತ್ತು

ಯುರೋಪಿನ ದೇಶಗಳೆಲ್ಲ ಸೇರಿ ನಮ್ಮ ಬಟ್ಟೆಯ ಆಮದಿಗೆ ಮಿತಿ ಹಾಕಿದ್ದ ಕಾಲವದು. ಮಿಲ್ಲಿನ ಹೊದಿಕೆಗಳಿಂದಲೇ ಆ ಮಿತಿ ತುಂಬಿಹೋಗುತ್ತಿತ್ತು. ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ. ಹಿರೇಹಡಗಲಿಯ ಹೆಂಗಸರು ಹಳೇ ಸೀರೆಗಳಿಂದ ಹೊಲಿಯುವ ಕೌದಿ ಇವೆರಡರಲ್ಲಿ ಯಾವುದು ಎಂದು ನೋಡಲು ಯುರೋಪಿನಿಂದಲೇ ಒಬ್ಬ ಅಧಿಕಾರಿ ಬಂದರು. ರಫ್ತುದಾರರ ಕಡೆಯಿಂದ ನಾನು ದುಭಾಷಿ. ಅಧಿಕಾರಿ ‘ಹೊದಿಕೆ’ ಎಂದುಬಿಟ್ಟರೆ ಈ ಹೆಂಗಸರ ಕೆಲಸ ಅಲ್ಲಿಗೆ ನಿಂತಂತೆ.

“ಮಿಲ್ಲಿನದಕ್ಕೂ ಇದಕ್ಕೂ ಏನು ವ್ಯತ್ಯಾಸ?” ಎಂದು ಕೇಳಿದರು.

ಕೌದಿ ಮುಗಿಸುತ್ತಿದ್ದ ಗಂಗವ್ವ ತಲೆಯೆತ್ತದೆ, “ಮಿಲ್ಲಿಂದಕ್ಕ ಹೊಟ್ಟಿ ಎಲ್ಲೈತ್ರಿ?” ಎಂದರು. ಕೊನೆಗೆಂದು ಹೊಲಿಯದೆ ಬಿಟ್ಟಿದ್ದ ಸಣ್ಣ ಬಾಯಿಯೊಳಗೆ ಜೋಳದ ರೊಟ್ಟಿಯ ಚೂರು ತುರುಕಿ ಹೊಲಿದರು. “ಹಸದ ಕೌದಿ ಹೊದ್ರ ನಿದ್ದಿ ಹತ್ತಂಗಿಲ್ರಿ.”

ಅನುವಾದಿಸಿದೆ. ಅಧಿಕಾರಿಯ ಮುಖ ಅರಳಿ, ಮರುಕ್ಷಣವೇ ಬಾಡಿತು. “ಕರಕುಶಲವೇ, ಸಂಶಯವಿಲ್ಲ. ಆದರೆ ಬಟ್ಟೆಯೊಳಗೆ ತಿನ್ನುವ ವಸ್ತು ಇದ್ದರೆ ನಮ್ಮ ಸುಂಕದವರು ಬಿಡುವುದಿಲ್ಲ. ರೊಟ್ಟಿ ಬೇಡ.”

“ಉಪಾಸ ಕಳಸಂಗಿಲ್ರಿ ನಾವು.”

ಅದನ್ನು ಅನುವಾದಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಸೊಸೆ, “ಅತ್ತೀ, ಬಟ್ಟಿ ಚೂರನ್ನ ರೊಟ್ಟಿ ಹಂಗ ದುಂಡಗ ಕತ್ತರಿಸಿ ಹಾಕಿದ್ರಾತು ಬಿಡು. ಕೌದಿಗೇನು ಹಲ್ಲು ಅದಾವೇನು?” ಎಂದಳು.

ಗಂಗವ್ವ ಯೋಚಿಸಿದರು. “ಆಗ್ಲಿ. ಆದ್ರ ಎರಡು ಹಾಕಬೇಕು. ದೂರದ ದಾರಿ.”

ಎರಡಕ್ಕೂ ಒಪ್ಪಿ ಅಧಿಕಾರಿ ‘ಕರಕುಶಲ’ ಎಂದು ಬರೆದುಕೊಂಡರು.

ಹೊರಡುವ ಮುನ್ನ ತಮಗೂ ಒಂದು ಕೌದಿ ಆರಿಸಿಕೊಂಡು, ನನ್ನ ಕಿವಿಯ ಬಳಿ ಬಗ್ಗಿದರು: “ಇದಕ್ಕೆ ರೊಟ್ಟಿಯನ್ನೇ ಹಾಕಲು ಹೇಳಿ.”

ತಮ್ಮದೇ ಸುಂಕದವರನ್ನು ಹೇಗೆ ದಾಟಿದರೋ, ನಾನು ಕೇಳಲಿಲ್ಲ. ನಿಯಮ ಮಾಡುವವರಿಗೂ ನಿದ್ದೆ ಹತ್ತಬೇಕಲ್ಲ.