ಸಕ್ಕುಬಾಯಿಯ ಪಕ್ಕದ ಸೀಟು

ತಡವಳದ ಸ್ಟಾಪಿನಲ್ಲಿ ಸಕ್ಕುಬಾಯಿ ಬಸ್ಸು ಹತ್ತಿದಳೆಂದರೆ ಸಾಕು, ಅರ್ಧ ಬಸ್ಸಿನ ಕೈ ಮೂಗಿಗೆ ಹೋಗುತ್ತಿತ್ತು. ಮೊದಲ ಕೈ ನನ್ನದೇ. ನಾನು ಗುರುನಾಥ, ಸೊಲ್ಲಾಪುರದ ಒಂದು ಕನ್ನಡ ಶಾಲೆಯ ಮಾಸ್ತರ. ಹದಿನೇಳು ವರ್ಷದಿಂದ ಅಕ್ಕಲಕೋಟೆಯ ಮೇಲೆ ಹಾಯುವ ಇದೇ ಎಸ್‌ಟಿ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಈ ಬಸ್ಸಿನಲ್ಲಿ ಗುಟ್ಕಾ ಉಗುಳುವವರಿರುತ್ತಾರೆ, ಬಾಯಿಗೆ ಕೈ ಅಡ್ಡ ಹಿಡಿಯದೆ ಸೀನುವವರಿರುತ್ತಾರೆ, ನಿನ್ನೆ ಯಾರೋ ಮಾಡಿದ ವಾಂತಿ ಕಿಟಕಿಯ ಮೇಲೆ ಒಣಗಿರುತ್ತದೆ. ಅದನ್ನೆಲ್ಲ ಸಹಿಸಿಕೊಳ್ಳುತ್ತಿದ್ದ ನಾವು ಕುರಿಯ ವಾಸನೆಗೆ ಮಾತ್ರ ಮುಖ ಕಿವುಚುತ್ತಿದ್ದೆವು. ಬರೆಯಲು ನಾಚಿಕೆಯಾಗುತ್ತದೆ.

ಸಕ್ಕುಬಾಯಿ ಕೊಳಕು ಹೆಂಗಸಲ್ಲ. ಗಂಡ ಅಣ್ಣಾರಾಯ, ಒಬ್ಬಳೇ ಮಗಳು, ಅರವತ್ತು ಕುರಿ, ಇಷ್ಟು ಅವಳ ಸಂಸಾರ. ಪೇಟೆಗೆ ಹೊರಟ ದಿನ ಎರಡು ಸಲ ಸಾಬೂನು ಹಚ್ಚಿ ಮಿಂದು, ಟ್ರಂಕಿನ ಸೀರೆ ಉಟ್ಟು ಬರುತ್ತಿದ್ದಳು. ಆದರೂ ವಾಸನೆ ಅವಳನ್ನು ಬಿಡುತ್ತಿರಲಿಲ್ಲ. ಒಮ್ಮೆ ಕಂಡಕ್ಟರು ಹಿಂದೆ ಹೋಗಿ ಕೂಡೆಂದು ಗದರಿದಾಗ, "ಕುರಿ ಕೊಯ್ದ ದಿನ ಈ ಮೂಗ ಎಲ್ಲಿ ಬಿಚ್ಚಿ ಇಟ್ಟಿರ್ತೀರಿ?" ಎಂದು ಕೇಳಿ ಬಸ್ಸನ್ನೆಲ್ಲ ನಗಿಸಿದ್ದಳು. ನಗಿಸಿದವಳು ಹಿಂದಕ್ಕೇ ಹೋಗಿ ಕೂತಳು.

ಮಗಳು ಸಾರಿಕಾ ಆಗ ಸೊಲ್ಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಅವ್ವನ ಜೊತೆ ಬಂದ ದಿನ ಅವಳನ್ನು ಹಿಂದೆ ಬಿಟ್ಟು ತಾನು ಮುಂದೆ ಕೂರುತ್ತಿದ್ದಳು, ಪರಿಚಯವೇ ಇಲ್ಲದವಳ ಹಾಗೆ. ಕಳೆದ ವರ್ಷ ಆ ಹುಡುಗಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಹದಿನೈದು ದಿನಕ್ಕೊಮ್ಮೆ ಸೊಲ್ಲಾಪುರದ ದವಾಖಾನೆಗೆ ಹೋಗಿ ಸಲೈನಿನಲ್ಲಿ ಔಷಧಿ ಹಾಕಿಸಿಕೊಂಡು ಬರಬೇಕು. ಮೈಯಲ್ಲಿ ಬಿಳಿ ರಕ್ತಕಣ ತೀರ ಇಳಿದಿವೆ, ಸಣ್ಣ ಸೋಂಕು ತಗುಲಿದರೂ ಜೀವಕ್ಕೆ ಬರುತ್ತದೆ, ಜನರ ಗರ್ದಿಯಲ್ಲಿ ತಿರುಗಬೇಡಿ ಎಂದರು ಡಾಕ್ಟರು. ಗರ್ದಿಯಿಲ್ಲದ ಎಸ್‌ಟಿ ಯಾವ ಊರಿನಲ್ಲಿದೆಯೋ ಅವರೇ ಹೇಳಬೇಕಿತ್ತು.

ಮೊದಲೆರಡು ಸಲ ಸಕ್ಕುಬಾಯಿ ಮಿಂದು, ಮಡಿಕೆ ಮುರಿಯದ ಸೀರೆಯಲ್ಲಿ ಬಂದಳು. ಮಗಳ ಬಾಜೂಕ ಕೆಮ್ಮುವವನೊಬ್ಬ ಬಂದು ಕೂತ. ಸಕ್ಕುಬಾಯಿ ಕೈಮುಗಿದರೂ ಅವನು ಏಳಲಿಲ್ಲ. ಮೂರನೆಯ ಸಲ ಅವಳು ಮೀಯಲಿಲ್ಲ. ಕುರಿಹಟ್ಟಿಯಿಂದ ನೇರ ಬಂದಳು, ಹೆಗಲ ಮೇಲೆ ಕುರಿಗಳ ನಡುವೆ ಹಾಸಿ ಮಲಗುವ ಕಂಬಳಿ. ಸಾರಿಕಾಳನ್ನು ಕಿಟಕಿಯ ಕಡೆ ಕೂರಿಸಿ, ತಾನು ಅಡ್ಡ ಕೂತು ಕಂಬಳಿ ಹರವಿದಳು. ಮೂರು ಮಂದಿಯ ಸೀಟು ಸೊಲ್ಲಾಪುರದ ತನಕ ಅವರಿಬ್ಬರದೇ ಆಯಿತು. ನಿಂತವರೂ ಒಂದು ಮಾರು ದೂರ ನಿಂತರು.

"ಏನ ಸಕ್ಕುಬಾಯಿ, ಇವತ್ತ ಭಾಳ ನಾರಾಕತ್ತೀಯಲ್ಲ?" ಎಂದ ಕಂಡಕ್ಟರು.

"ನಾರ್ಲಿ ಅಂತನ ಬಂದೀನ್ರಿ. ಮಂದಿ ದೂರ ಉಳೀಲಿ," ಎಂದಳು. ನನ್ನ ಕಡೆ ತಿರುಗಿ, "ಮಾಸ್ತರ, ಇಷ್ಟ ವರ್ಷ ಬೈಸ್ಕೊಂಡಿದ್ದ ವಾಸನಿ ಈಗ ನನ್ನ ಪೋರಿನ್ನ ಕಾಯಾಕತ್ತೈತಿ ನೋಡ್ರಿ," ಎಂದು ನಕ್ಕಳು.

ಅಲ್ಲಿಂದ ಪ್ರತಿ ಸಲವೂ ಹಾಗೆಯೇ. ಔಷಧಿಯ ದೆಸೆಯಿಂದ ಸಾರಿಕಾಗೆ ಯಾವ ವಾಸನೆಯೂ ಆಗಿಬರುತ್ತಿರಲಿಲ್ಲ. ಡೀಸೆಲ್ಲಿಗೆ ವಾಂತಿ, ಅತ್ತರಿಗೆ ವಾಂತಿ, ಮಲ್ಲಿಗೆಗೂ ವಾಂತಿ. ಕಂಬಳಿಯೊಂದೇ ಒಗ್ಗುತ್ತಿತ್ತು. ಹುಟ್ಟಿದಂದಿನಿಂದ ಅದರಲ್ಲೇ ಮಲಗಿದವಳು. ಮಾಸ್ಕು ಇಳಿಸಿ, ಕಂಬಳಿಗೆ ಮುಖ ಹುದುಗಿಸಿ, ಅವ್ವನ ತೋಳಿಗೆ ಒರಗಿ ನಿದ್ದೆ ಹೋಗುತ್ತಿದ್ದಳು. ಮೊದಲೆಲ್ಲ ಅವ್ವನನ್ನು ಬಿಟ್ಟು ಮುಂದಿನ ಸೀಟಿಗೆ ಓಡುತ್ತಿದ್ದ ಹುಡುಗಿ ಇವಳೇನಾ ಅನಿಸುತ್ತಿತ್ತು.

ಎರಡು ತಿಂಗಳು ಹೀಗೆ ಸಾಗಿತು. ಆಮೇಲೆ ಸಾರಿಕಾಗೆ ಜ್ವರ ಬಂತು. ಒಂಬತ್ತು ದಿನ ದವಾಖಾನೆಯಲ್ಲಿಟ್ಟರು. ಉಳಿದಿದ್ದೇ ದೊಡ್ಡದು. ಮನೆಗೆ ಕಳಿಸಿದ ದಿನ ಸಂಜೆ ಬಸ್ಸಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಸಕ್ಕುಬಾಯಿ ಚೀಲದಿಂದ ಒಂದು ಮರಾಠಿ ಕಾಗದ ತೆಗೆದು ಕೊಟ್ಟಳು.

"ಮೊದಲ ದಿನಾನ ನರ್ಸಬಾಯಿ ಕೊಟ್ಟ ಕಾಗದರಿ ಇದು. ಸಾರಿಕಾ ಓದಿ ಹೇಳ್ಯಾಳ, ಎಲ್ಲಾ ಹಂಗ ಮಾಡೀನಿ. ಮಂದೀನ ಮುಟ್ಟಗೊಟ್ಟಿಲ್ಲ. ಆದ್ರೂ ಜ್ವರ ಎಲ್ಲಿಂದ ಬಂತು? ನೀವೊಮ್ಮಿ ಓದ್ರಿ."

"ಬ್ಯಾಡ್ರಿ ಸರ," ಎಂದಳು ಸಾರಿಕಾ. ದಣಿದಿದ್ದಾಳೆ ಅಂದುಕೊಂಡೆ. ಮಾಸ್ತರನ ಕೈಗೆ ಕಾಗದ ಕೊಟ್ಟರೆ ಓದದೆ ಬಿಡುತ್ತಾನೆಯೇ? ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ ಹೋದೆ. ನೀರು ಕುದಿಸಿ ಕುಡಿಯಿರಿ. ಹಸಿ ತರಕಾರಿ ತಿನ್ನಬೇಡಿ. ಮಾಸ್ಕು ತೆಗೆಯಬೇಡಿ. ಪ್ರತಿಯೊಂದಕ್ಕೂ ಸಕ್ಕುಬಾಯಿ ತಲೆಯಾಡಿಸುತ್ತಿದ್ದಳು. ಏಳನೆಯ ಸಾಲನ್ನೂ ಅದೇ ಭರದಲ್ಲಿ ಓದಿಬಿಟ್ಟೆ. ಕುರಿ, ಆಡು, ಕೋಳಿಗಳಿಂದ ದೂರವಿರಿ. ಅವುಗಳ ಉಣ್ಣೆ, ಹಟ್ಟಿ, ಅವುಗಳ ಕೆಲಸ ಮಾಡುವವರ ಬಟ್ಟೆ ಕೂಡ ರೋಗಿಯ ಹತ್ತಿರ ಬರಬಾರದು.

ಸಕ್ಕುಬಾಯಿ ತಲೆಯಾಡಿಸಲಿಲ್ಲ. ಜ್ವರ ಕಂಬಳಿಯಿಂದಲೇ ಬಂತೆಂದು ಯಾರೂ ಹೇಳಿರಲಿಲ್ಲ. ಹಾಗಂತ ನಾನು ತೊದಲಿದ್ದು ಅವಳ ಕಿವಿಗೆ ಬೀಳಲೇ ಇಲ್ಲ.

"ಇದೊಂದ ನೀ ನನಗ ಓದಿ ಹೇಳಿದ್ದಿಲ್ಲ," ಎಂದಳು ಮಗಳಿಗೆ.

ಸಾರಿಕಾ ಕಂಬಳಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಹೇಳಿದ್ರ ನೀ ನನ್ನ ಹತ್ತಿರ ಬರ್ತಿದ್ದಿಲ್ಲಲ್ಲ ಯವ್ವಾ."

ಸಕ್ಕುಬಾಯಿ ಆ ಮುಷ್ಟಿಯನ್ನು ಬಿಡಿಸಲು ಕೈ ಚಾಚಿದವಳು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. "ಬಿಡವ್ವ," ಎಂದಳು. ಹುಡುಗಿ ಬಹಳ ಹೊತ್ತಿಗೆ ಬಿಟ್ಟಳು. ಸಕ್ಕುಬಾಯಿ ಕಂಬಳಿ ಸುತ್ತಿಕೊಂಡು ಎದ್ದಳು. "ಮಾಸ್ತರ, ನೀವ ಕೂಡ್ರಿ ಇಲ್ಲಿ. ಯಾರ್ನೂ ಬರಗೊಡಬ್ಯಾಡ್ರಿ," ಎಂದು ಹೇಳಿ ಬಾಗಿಲ ಹತ್ತಿರ ಹೋಗಿ ನಿಂತಳು. ಇಷ್ಟು ವರ್ಷ ಮೂಗು ಮುಚ್ಚಿಕೊಂಡವನು ನಾನು, ಅವಳ ಜಾಗದಲ್ಲಿ ಹೋಗಿ ಕೂತೆ.

ಅಕ್ಕಲಕೋಟೆ ದಾಟಿದ ಮೇಲೆ ಡೀಸೆಲ್ ಹೊಗೆ ಒಳಗೆ ನುಗ್ಗಿತು. ಸಾರಿಕಾ ಕಿಟಕಿಗೆ ಬಾಗಿ ವಾಂತಿ ಕಾರತೊಡಗಿದಳು. ಸಕ್ಕುಬಾಯಿ ಎರಡು ಹೆಜ್ಜೆ ಓಡಿಬಂದಳು. ನಡುವೆ ತನ್ನ ಸೀರೆಯನ್ನು, ಕಂಬಳಿಯನ್ನು ನೋಡಿಕೊಂಡು ಅಲ್ಲೇ ಕಂಬಿ ಹಿಡಿದು ನಿಂತುಬಿಟ್ಟಳು.

"ಬೆನ್ನ ತಿಕ್ರಿ ಮಾಸ್ತರ," ಎಂದು ಅಲ್ಲಿಂದಲೇ ಕೂಗಿದಳು. "ಮೆಲ್ಲಕ ತಿಕ್ರಿ. ಕೆಳಗಿಂದ ಮ್ಯಾಲ."