ಕೋಚ್‌ಗೆ ಹೊದಿಸಿದ ಶಾಲು

ಅಮೆರಿಕದ ನಾರ್ತ್‌ವಿಲ್‌ನಿಂದ ಶಾಮ್‌ಬರ್ಗ್‌ವರೆಗೆ ನಾನು ಡ್ರೈವ್ ಮಾಡಿಕೊಂಡು ಹೋಗಿದ್ದು ಅಲ್ಲಿನ ಕನ್ನಡ ಸಂಘದ ಮಕ್ಕಳಿಗೆ ವಾಲಿಬಾಲ್ ಹೇಳಿಕೊಡೋಕೆ. ಕಾಲೇಜ್ ಟೀಮಿಗೆ ಕೋಚ್ ನಾನು, ಅದೇ ನನ್ನ ಕೆಲಸ. ಜಿಮ್ ಒಳಗೆ ಕಾಲಿಟ್ಟರೆ ನೆಟ್ಟೇ ಕಟ್ಟಿಲ್ಲ! ಕೋರ್ಟಿನ ಮಧ್ಯೆ ಹೂವಿನ ಕುರ್ಚಿ, ಮೈಕು. ಸಂಘದ ಅಧ್ಯಕ್ಷರು, ಧಾರವಾಡ ಕಡೆಯ ಡಾಕ್ಟರ್ ಅಂಕಲ್, ನನ್ನನ್ನು ಕೂರಿಸಿ ಶಾಲು ಹೊದಿಸಿದರು.

"ಸಣ್ಣಾಕಿ ಇದ್ದಾಗ ಬ್ಲಡ್ ಕ್ಯಾನ್ಸರ್ ಗೆದ್ದು ಬಂದಾಕಿ ಈ ಹುಡುಗಿ. ಪಾಪ, ಎಷ್ಟು ಕಷ್ಟ ಪಟ್ಟಾಳ!"

ಆಂಟಿಯರು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾವತ್ತೋ ವಾಸಿಯಾದ ಕಾಯಿಲೆಗೆ ಸನ್ಮಾನ, ಅದಾದ ಮೇಲೆ ಇಷ್ಟು ವರ್ಷ ಆಡಿದ ಆಟದ ಬಗ್ಗೆ ಒಂದು ಮಾತೂ ಇಲ್ಲ!

ಶಾಲು ತೆಗೆದಿಟ್ಟು, ನಾನೇ ನೆಟ್ ಕಟ್ಟೋಕೆ ಹೊರಟೆ.

"ಬ್ಯಾಡವ್ವ, ಸುಸ್ತ ಆಗ್ತದ," ಅಂತ ಅಂಕಲ್ ತಡೆದರು.

"ಹಾಗಾದ್ರೆ ನೀವೇ ಬನ್ನಿ ಅಂಕಲ್. ನಾನು ಕಟ್ಟೋವರೆಗೆ ಮಕ್ಕಳ ಜೊತೆ ವಾರ್ಮಪ್ ಮಾಡಿ," ಅಂದೆ.

ಅರ್ಧ ಕೋರ್ಟ್ ಓಡುವಷ್ಟರಲ್ಲಿ ಅಂಕಲ್ ಏದುಸಿರು ಬಿಡುತ್ತಾ ಸೊಂಟ ಹಿಡಿದು ನಿಂತರು. ಅದೇ ಕುರ್ಚಿಯಲ್ಲಿ ಅವರನ್ನು ಕೂರಿಸಿ ಅದೇ ಶಾಲು ಹೊದಿಸಿದೆ.

"ಪಾಪ, ಸುಸ್ತಾಗಿದೆ," ಅಂದೆ.

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದ ಮೇಲೆ ಯಾಕೆ ಅಂತ ನಮ್ಮವರು ಕೇಳೋದೇ ಇಲ್ಲ.