ಹಿಂದಿನ ಚಕ್ರದ ಗಾಳಿ

ಮಧುಗಿರಿಯಿಂದ ಐ.ಡಿ.ಹಳ್ಳಿಯ ಶಾಲೆಗೆ ನನ್ನ ಹಳೆಯ ಎಸ್‌ಯುವಿಯಲ್ಲಿ ನಾವು ಆರು ಜನ ಟೀಚರುಗಳು ಹೋಗುತ್ತಿದ್ದೆವು. ಸ್ಟೇರಿಂಗ್ ನನ್ನದು, ಬಾಯಿ ಅವರದು. ಯಾರ ಮನೆಯ ಚಿತ್ರಾನ್ನಕ್ಕೆ ಉಪ್ಪು ಕಡಿಮೆ ಎಂಬುದು ಹಿಂದಿನ ಸೀಟಿನಲ್ಲೇ ತೀರ್ಮಾನವಾಗುತ್ತಿತ್ತು. ಆಮೇಲೆ ವರ್ಗಾವಣೆಯ ಕೌನ್ಸೆಲಿಂಗ್ ಬಂತು. ಒಬ್ಬರು ತೋವಿನಕೆರೆಗೆ, ಇನ್ನೊಬ್ಬರು ಬುಕ್ಕಾಪಟ್ಟಣಕ್ಕೆ, ಉಳಿದವರು ತುಮಕೂರಿನ ಕಡೆಗೆ. ಗಾಡಿಯಲ್ಲಿ ನಾನೊಬ್ಬಳೇ ಉಳಿದೆ.

ಆಗಲೇ ಅದು ಎಗರಾಡತೊಡಗಿತು. ರಸ್ತೆಯ ಸಣ್ಣ ಹಂಪ್‌ಗೂ ಹಿಂದುಗಡೆ ಧಡ್ ಎಂದು ಕುಕ್ಕುತ್ತಿತ್ತು. ಸಂಜೆಗೆ ಸೊಂಟ ಹಿಡಿದಿರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ರಸ್ತೆಯನ್ನು ಬೈದೆ. "ಒಬ್ಳಿಗ್ಯಾಕಮ್ಮ ಈ ಆನೆ? ಮಾರ್ಬುಡು" ಎಂದ ನಮ್ಮಣ್ಣ. ಮೈಯೆಲ್ಲ ಉರಿಯಿತು. ಮಾರಿದರೆ, ಅವರ್ಯಾರೂ ಇನ್ನು ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡಂತೆ. ಅದಕ್ಕೇ ರಿಪೇರಿಗೆ ಹೊರಟೆ.

ಕೊರಟಗೆರೆಯ ಬಂಕಿನವನು "ಗಾಳಿ ನಲವತ್ತು ಹೊಡ್ಸಿ, ಮೈಲೇಜ್ ಬತ್ತದೆ" ಎಂದ. ಪಾವಗಡದ ಮೆಕ್ಯಾನಿಕ್ "ಶಾಕ್ ಅಬ್ಸಾರ್ಬರ್ ಪೋಯಿಂದಿ ಮೇಡಂ" ಎಂದು, ಅದು ಕೆಟ್ಟೇಹೋಗಿದೆಯೆಂದು, ತೆಲುಗಿನಲ್ಲಿ ಹೆದರಿಸಿದ. ಹೊಸದು ಹಾಕಿಸಿದರೂ ಕುಕ್ಕುವುದು ನಿಲ್ಲಲಿಲ್ಲ. ಹೇಗೂ ಟೈರು ಸವೆದಿತ್ತು, ಬದಲಾಯಿಸೋಣವೆಂದು ಶಿರಾಗೆ ಹೋದೆ.

ಟೈರಂಗಡಿಯ ಸಾಹೇಬರು ಟೈರಿನ ಮೇಲಿದ್ದ ಅಂಕಿ ಓದಿ, "ಇದೇ ಸೈಜ್ ಕೊಡ್ಲಾ?" ಎಂದರು. ನನಗೆ ಗಾಡಿ ಮಾರಿದವನು ಶೋಕಿಗೆಂದು ಅಗಲದ ಟೈರು ಹಾಕಿಸಿದ್ದ. ಕಂಪನಿಯದು ಎಷ್ಟಿತ್ತೆಂದು ಗೊತ್ತಾಗುವವರೆಗೆ ಮುಟ್ಟಬೇಡಿ ಎಂದೆ. ನನ್ನ ಕಡೆಯ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅವನೇ ಅಂಟಿಸಿದ್ದ ದೇವರ ಸ್ಟಿಕ್ಕರ್. ತಪ್ಪಾಯಿತಪ್ಪ ಎಂದು ಉಗುರಿನಲ್ಲಿ ಕೆರೆದೆ. ಅದರಡಿಯಲ್ಲಿ ಕಂಪನಿಯ ಚೀಟಿಯಿತ್ತು: 215/75 ಆರ್ 15. ಕೆಳಗೆ ಗಾಳಿಯ ಲೆಕ್ಕ, ಎರಡು ಸಾಲು. ಗಾಡಿ ತುಂಬಿದ್ದರೆ ಹಿಂದಿನ ಚಕ್ರಕ್ಕೆ ಮೂವತ್ತಾರು, ಒಬ್ಬಿಬ್ಬರಿದ್ದರೆ ಇಪ್ಪತ್ತೆಂಟು.

ಇಷ್ಟು ದಿನವೂ ನಾನು ಆರು ಜನರಿದ್ದಾಗಿನ ಲೆಕ್ಕದಲ್ಲೇ, ಇಲ್ಲದವರಿಗೆಲ್ಲ ಸೇರಿಸಿ ಗಾಳಿ ತುಂಬಿಸುತ್ತಿದ್ದೆ.

ಸಾಹೇಬರು ಆ ಸೈಜಿನ ಹೊಸ ಟೈರು ಕೂರಿಸಿ, ಗಾಳಿ ಪೈಪು ಹಿಡಿದು ಕೇಳಿದರು. "ಎಷ್ಟು ಜನ ಓಡಾಡ್ತೀರ ಮೇಡಂ?"

ಹಿಂದಿನ ಸೀಟಿನ ಕಡೆ ತಿರುಗಿ ನೋಡಿದೆ. "ಒಬ್ಬಳೇ" ಎಂದೆ. ಹೇಳಿದ ಮೇಲೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಗಾಡಿ ತೊಟ್ಟಿಲಿನ ಹಾಗೆ ಹೋಯಿತು. ಕುಕ್ಕುವ ಸದ್ದೂ ಇಲ್ಲ. ಆ ಮೌನ ತಡೆಯಲಾಗದೆ ಅಳು ಬಂತು. ಊರಾಚೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ಎದುರು ಬ್ರೇಕು ಹಾಕಿ, ಕಣ್ಣೊರೆಸಿಕೊಂಡು, "ಐ.ಡಿ.ಹಳ್ಳಿಗಾ? ಹತ್ತಿ, ದುಡ್ಡೇನೂ ಬೇಡ" ಎಂದೆ.

ಅವರಲ್ಲಿ ಹಿರಿಯಾಕೆ ನಕ್ಕಳು. "ನಮ್ಗೆ ಬಸ್ಸೇ ಫ್ರೀ ಐತೆ ಕಣವ್ವ. ಎಲ್ರೂ ಮಾತಾಡ್ಕಂಡು ಹೋಯ್ತೀವಿ. ನೀನೊಬ್ಳೇ ಅದ್ರಾಗೆ ಕುಂತು ಏನ್ ಮಾಡ್ತೀಯ? ನೀನೇ ಬಾ, ಸೀಟು ಹಿಡೀತೀನಿ."

ಹಿಂದಿನಿಂದ ಬಸ್ಸು ಹಾರನ್ ಹೊಡೆಯಿತು. ನಾನು ಗಾಡಿಯನ್ನು ಪಕ್ಕಕ್ಕೆ ತೆಗೆದೆ. ಅವರೆಲ್ಲ ನೂಕಾಡಿಕೊಂಡು, ನಗುತ್ತಾ ಹತ್ತಿದರು. ಬಸ್ಸು ನನ್ನ ಮುಂದೆ ಹೊರಟಿತು.

ಐ.ಡಿ.ಹಳ್ಳಿಯವರೆಗೂ ನಾನು ಅದನ್ನು ಓವರ್‌ಟೇಕ್ ಮಾಡಲಿಲ್ಲ.